ಯಕೃತ್ತಿನ ಅಡ್ಡಗಾಲುವೆಯನ್ನು ಮುಚ್ಚುವವರಾರು?

ಕಳೆದ ತಿಂಗಳು ಒಂದು ಸಂಜೆ, ವಾಚನಾಲಯದ ಬಾಗಿಲು ಹಾಕುವ ಹೊತ್ತಿಗೆ ಸರಿಯಾಗಿ, ನಮ್ಮ ನಿತ್ಯದ ಓದುಗರಲ್ಲೊಬ್ಬರಾದ ಯುವಕರು ಆಸ್ಪತ್ರೆಯ ಕಾಗದವೊಂದನ್ನು ತಂದು ಮೇಜಿನ ಮೇಲೆ ಹರಡಿದರು. ಅವರ ಪತ್ನಿ ಗರ್ಭಿಣಿ. ಸ್ಕ್ಯಾನಿಂಗ್ ಆದ ಮೇಲೆ ಕೊಟ್ಟ ವರದಿ ಅದು. ಶಿಶುವಿನ ತಲೆ, ಹೃದಯ, ಬೆನ್ನೆಲುಬು ಇವೆಲ್ಲ ಅವರಿಗೆ ತಿಳಿದಿತ್ತು. ಒಂದು ಸಾಲು ಮಾತ್ರ ತಿಳಿದಿರಲಿಲ್ಲ: 'ಡಕ್ಟಸ್ ವೀನೋಸಸ್, ಹರಿವು ಸಹಜ.'

"ಸಹಜ ಅಂತಲೇ ಬರೆದಿದ್ದಾರೆ ಸಾರ್, ಡಾಕ್ಟರೂ ಹೆದರಬೇಡಿ ಅಂದರು. ಆದರೆ ಯಾವುದು ಸಹಜ ಅನ್ನೋದೇ ಗೊತ್ತಿಲ್ಲದೆ ಸಮಾಧಾನ ಹೇಗೆ ಬರಬೇಕು? ಮನೆಯಲ್ಲಿ ದಿನಾ ಅದೇ ಪ್ರಶ್ನೆ" ಎಂದರು.

ನಾವು ವೈದ್ಯರಲ್ಲ. ಅಂದು ಅವರಿಗೆ ನೆಟ್ಟಗೆ ಉತ್ತರ ಹೇಳಲು ನಮ್ಮಿಂದಾಗಲಿಲ್ಲ. ಆ ಮೇಲೆ ಒಂದೆರಡು ವಾರ ಪುಸ್ತಕಗಳನ್ನು ತೆಗೆದು ಓದಿದೆವು. ಉತ್ತರ ಸಿಕ್ಕಿತು. ಅದರ ಬೆನ್ನಿಗೇ, ನಾವು ಹುಡುಕದಿದ್ದ ಇನ್ನೊಂದು ಸಂಗತಿಯೂ ಸಿಕ್ಕಿತು. ಎರಡನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಯಕೃತ್ತಿನ ವಿಚಾರ. ನಾವೆಲ್ಲ ಲಿವರ್ ಎಂದು ಕರೆಯುವ ಈ ಅಂಗ ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಉಳಿದ ಅಂಗಗಳಿಗೆ ಹೃದಯದಿಂದ ನೇರವಾಗಿ ಬರುವ ಶುದ್ಧ ರಕ್ತವೇ ಆಧಾರ. ಯಕೃತ್ತಿನ ರೀತಿ ಬೇರೆ. ಅದಕ್ಕೆ ಬರುವ ರಕ್ತದಲ್ಲಿ ನಾಲ್ಕರಲ್ಲಿ ಮೂರು ಪಾಲು ಹೊಟ್ಟೆ ಕರುಳುಗಳಿಂದ ಬರುತ್ತದೆ. ಅದನ್ನು ತರುವ ದೊಡ್ಡ ನಾಳಕ್ಕೆ ಪೋರ್ಟಲ್ ಅಭಿಧಮನಿ ಎಂದು ಹೆಸರು. ನಾವು ಉಂಡ ಅನ್ನದ ಸಾರವೆಲ್ಲ ಮೊದಲು ಈ ನಾಳದ ಮೂಲಕ ಯಕೃತ್ತಿಗೆ ಹೋಗಿ, ಅಲ್ಲಿ ಜಕಾತಿ ಕಟ್ಟೆಯಲ್ಲಿ ಆದಂತೆ ತಪಾಸಣೆಯಾಗಿ, ಬೇಡದ್ದನ್ನು ಕಳೆದುಕೊಂಡು, ಆ ಮೇಲೆ ಹೃದಯದ ಕಡೆ ಸಾಗುತ್ತದೆ.

ಗರ್ಭದೊಳಗಿನ ಶಿಶುವಿಗೆ ಈ ಏರ್ಪಾಡು ಒಗ್ಗದು. ಅದು ಉಣ್ಣುವುದಿಲ್ಲ, ಉಸಿರಾಡುವುದಿಲ್ಲ. ಅನ್ನವೂ ಪ್ರಾಣವಾಯುವೂ ತಾಯಿಯ ಮಾಸಿನಿಂದ ಹೊಕ್ಕುಳಬಳ್ಳಿಯ ಮೂಲಕವೇ ಬರಬೇಕು. ಹಾಗೆ ಬರುವ ಒಳ್ಳೆಯ ರಕ್ತವೆಲ್ಲ ಯಕೃತ್ತಿನ ಸಣ್ಣ ಸಣ್ಣ ಓಣಿಗಳನ್ನು ಸುತ್ತಿಕೊಂಡು ಹೊರಬೀಳಬೇಕೆಂದರೆ, ಮೆದುಳಿಗೂ ಹೃದಯಕ್ಕೂ ತಲುಪುವಷ್ಟರಲ್ಲಿ ಅದರ ಕಸುವು ಇಳಿದಿರುತ್ತದೆ. ಆದ್ದರಿಂದ ಅದರ ಒಂದು ಪಾಲಿಗೆ ಬೇರೊಂದು ದಾರಿಯಿದೆ. ಹೊಕ್ಕುಳಿನ ಅಭಿಧಮನಿಯಿಂದ ಹೊರಟು, ಯಕೃತ್ತಿನ ಓಣಿಗಳನ್ನು ಹೊಗದೆ, ಹೃದಯಕ್ಕೆ ಹೋಗುವ ಮಹಾನಾಳವನ್ನು ಕೂಡಿಕೊಳ್ಳುವ ಅಡ್ಡಗಾಲುವೆ ಅದು. ನಮ್ಮ ಮುಂಬಯಿಯ ಫಾಸ್ಟ್ ಲೋಕಲ್ ಗಾಡಿ ನಡುವಿನ ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲದೆ ಹೋಗುತ್ತದಲ್ಲವೇ, ಹಾಗೆ. ಇದೇ ಡಕ್ಟಸ್ ವೀನೋಸಸ್. ಹದಿನಾರನೆಯ ಶತಮಾನದಲ್ಲಿ ಇಟಲಿಯ ಬೊಲೋನ್ಯಾ ನಗರದಲ್ಲಿ ಅಧ್ಯಾಪಕನಾಗಿದ್ದ ಅರಾಂಟಿಯಸ್ ಎಂಬ ಶರೀರಶಾಸ್ತ್ರಜ್ಞನ ಹೆಸರಿನಿಂದಲೂ ಇದನ್ನು ಕರೆಯುತ್ತಾರೆ.

ಕಾಲುವೆ ಎಂದೊಡನೆ ದೊಡ್ಡದೆಂದು ತಿಳಿಯಬೇಡಿ. ಅದರ ಕಿರಿದಾದ ಬಾಯಿ ದಿನ ತುಂಬಿದ ಶಿಶುವಿನಲ್ಲೂ 2 ಮಿಲಿಮೀಟರು ಮೀರುವುದು ಅಪರೂಪ. ಗರ್ಭದ ನಡುಗಾಲದಲ್ಲಿ ಹೊಕ್ಕುಳಿನಿಂದ ಬಂದ ರಕ್ತದ ಸುಮಾರು 30 ಪಾಲು ಇದರಲ್ಲಿ ಹರಿದರೆ, ಎಂಟನೆಯ ತಿಂಗಳ ಹೊತ್ತಿಗೆ ಅದು 20 ಪಾಲಿಗೆ ಇಳಿದಿರುತ್ತದೆ. ಬಾಯಿ ಕಿರಿದಾದುದರಿಂದಲೇ ರಕ್ತ ಅಲ್ಲಿ ರಭಸವಾಗಿ ಚಿಮ್ಮುತ್ತದೆ. ಆ ರಭಸದ ಏರಿಳಿತವನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಅಳೆದರೆ ಶಿಶುವಿನ ಹೃದಯದ ಸ್ಥಿತಿ ತಿಳಿಯುತ್ತದೆ. ವರದಿಯಲ್ಲಿ ಆ ಸಾಲು ಬಂದದ್ದು ಈ ಕಾರಣದಿಂದ. ಅಂದರೆ ಗರ್ಭದಲ್ಲಿ ಈ ಕಾಲುವೆ ತೆರೆದಿರುವುದೇ ಕ್ಷೇಮ.

ಹುಟ್ಟಿದ ಮೇಲಾದರೋ, ಅದು ಮುಚ್ಚಿಕೊಳ್ಳುವುದೇ ಕ್ಷೇಮ. ಹೊಕ್ಕುಳಬಳ್ಳಿಯನ್ನು ಕಟ್ಟಿದೊಡನೆ ಆ ಕಡೆಯ ಹರಿವು ನಿಲ್ಲುತ್ತದೆ. ಕಾಲುವೆಯ ಬಾಯಿ ಬಿಗಿಯತೊಡಗುತ್ತದೆ. ದಿನ ತುಂಬಿ ಹುಟ್ಟಿದ ಬಹುಪಾಲು ಕೂಸುಗಳಲ್ಲಿ ಒಂದೆರಡು ವಾರದೊಳಗೆ ಅದು ಪೂರ್ತಿ ಮುಚ್ಚಿ, ಮುಂದೆ ಒಂದು ನಾರಿನ ಎಳೆಯಾಗಿ ಉಳಿಯುತ್ತದೆ. ಈ ಲೇಖನವನ್ನು ಓದುತ್ತಿರುವ ತಮ್ಮ ಯಕೃತ್ತಿನ ಕೆಳಮೈಯಲ್ಲೂ ಆ ಎಳೆ ಇದೆ. ತಿಂಗಳು ತುಂಬದೆ ಹುಟ್ಟಿದ ಕೂಸಿನಲ್ಲಿ ಮುಚ್ಚುವುದು ಇನ್ನಷ್ಟು ತಡವಾಗಬಹುದು.

ಮುಚ್ಚದೆ ಹೋದರೆ ಏನಾದೀತು? ಇದಕ್ಕೆ ಉತ್ತರವನ್ನು ಮೊದಲು ಕೊಟ್ಟವು, ಪಾಪ, ನಾಯಿಗಳು. 1877ರಲ್ಲಿ ರಷ್ಯದ ನಿಕೋಲಾಯ್ ಎಕ್ ಎಂಬ ವೈದ್ಯ ಪೋರ್ಟಲ್ ಅಭಿಧಮನಿಯನ್ನು ನೇರವಾಗಿ ಮಹಾನಾಳಕ್ಕೆ ಹೊಲಿದು, ರಕ್ತ ಯಕೃತ್ತಿಗೆ ಹೋಗದಂತೆ ಮಾಡಿ ನೋಡಿದ. ಎಂಟು ನಾಯಿಗಳಲ್ಲಿ ಏಳು ಒಂದು ವಾರದೊಳಗೆ ಸತ್ತವು. ಎಂಟನೆಯದು ಎರಡೂವರೆ ತಿಂಗಳು ಬದುಕಿ, ಒಂದು ದಿನ ಪ್ರಯೋಗಶಾಲೆಯಿಂದ ತಪ್ಪಿಸಿಕೊಂಡು ಓಡಿಹೋಯಿತು. (ನಮಗೆ ಈ ನಾಯಿಯ ಮೇಲೆ ಬಹಳ ಅಭಿಮಾನ.) ಮುಂದೆ ಪಾವ್ಲೊವ್ ಮತ್ತು ಆತನ ಜೊತೆಗಾರರು ಇದೇ ಶಸ್ತ್ರಕ್ರಿಯೆಯನ್ನು ಇನ್ನೂ ಚೆನ್ನಾಗಿ ಮಾಡಿ 1893ರಲ್ಲಿ ಪ್ರಕಟಿಸಿದರು. ಹೀಗೆ ಬದುಕುಳಿದ ನಾಯಿಗಳು ಮಾಂಸ ತಿಂದರೆ ಮಂಕಾಗುತ್ತಿದ್ದವು, ತೂರಾಡುತ್ತಿದ್ದವು, ಕೆಲವು ಪ್ರಜ್ಞೆ ತಪ್ಪುತ್ತಿದ್ದವು. ಕಾರಣ ಇಂದು ತಿಳಿದಿದೆ. ಮಾಂಸ, ಬೇಳೆ, ಹಾಲು ಇವುಗಳಲ್ಲಿರುವ ಪ್ರೋಟೀನು ಕರುಳಿನಲ್ಲಿ ಒಡೆಯುವಾಗ ಅಮೋನಿಯ ಹುಟ್ಟುತ್ತದೆ. ಯಕೃತ್ತು ಅದನ್ನು ಯೂರಿಯವನ್ನಾಗಿ ಮಾರ್ಪಡಿಸಿ ಮೂತ್ರದಲ್ಲಿ ಹೋಗುವಂತೆ ಮಾಡುತ್ತದೆ. ರಕ್ತ ಯಕೃತ್ತನ್ನು ತಪ್ಪಿಸಿ ಹರಿದರೆ ಅಮೋನಿಯ ನೇರವಾಗಿ ಮೆದುಳಿಗೆ ಹೋಗುತ್ತದೆ.

ಇನ್ನೊಂದು ಕೆಡುಕೂ ಇದೆ. 1920ರಲ್ಲಿ ಅಮೆರಿಕದ ಪೇಟನ್ ರೌಸ್ ಮತ್ತು ಲ್ಯಾರಿಮೋರ್ ಎಂಬಿಬ್ಬರು ಮೊಲದ ಯಕೃತ್ತಿನ ಒಂದು ಭಾಗಕ್ಕೆ ಹೋಗುವ ಪೋರ್ಟಲ್ ಕವಲನ್ನು ಕಟ್ಟಿದರು. ಆ ಭಾಗ ದಿನದಿನಕ್ಕೆ ಸೊರಗಿತು. ರಕ್ತ ಸಿಗುತ್ತಿದ್ದ ಇನ್ನೊಂದು ಭಾಗ ಬೆಳೆದು ಆ ಕೊರತೆಯನ್ನು ತುಂಬಿತು. ಎಂದರೆ, ಕರುಳಿನಿಂದ ಬರುವ ರಕ್ತ ಯಕೃತ್ತಿಗೆ ಬರಿಯ ಕೆಲಸ ತರುವುದಲ್ಲ, ಅನ್ನವನ್ನೂ ತರುತ್ತದೆ. ನೀರು ಬೇರೆ ಕಡೆ ತಿರುಗಿದರೆ ಗದ್ದೆ ಒಣಗುವಂತೆ, ರಕ್ತ ಬೇರೆ ಕಡೆ ತಿರುಗಿದರೆ ಯಕೃತ್ತು ಬೆಳೆಯದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಈಗ ಎರಡನೆಯ ಸಂಗತಿ. ಹುಟ್ಟಿದ ಮೇಲೆ ಈ ಕಾಲುವೆಯನ್ನು ಮುಚ್ಚುವ ಕೆಲಸದಲ್ಲಿ ಯಾರ ಕೈಯಿದೆ? ಹರಿವು ನಿಂತಿತು, ಮುಚ್ಚಿತು ಎಂದಷ್ಟೇ ಬಹುಕಾಲ ಹೇಳುತ್ತಿದ್ದರು. ಇದರ ಹಿಂದೆ ಜೀವಕೋಶದೊಳಗಿನ ಒಂದು ಅಪ್ಪಣೆಯೂ ಇದೆಯೆಂಬುದು ತಿಳಿದದ್ದು ಕೂಸುಗಳ ವೈದ್ಯರಿಂದಲ್ಲ, ವಿಷಗಳನ್ನು ಕುರಿತು ಕೆಲಸ ಮಾಡುತ್ತಿದ್ದವರಿಂದ.

ಡಯಾಕ್ಸಿನ್ ಎಂಬ ವಿಷದ ಹೆಸರನ್ನು ಕೆಲವರು ಕೇಳಿರಬಹುದು. ಕ್ಲೋರಿನ್ ಸೇರಿದ ರಾಸಾಯನಿಕಗಳನ್ನು ತಯಾರಿಸುವಾಗಲೂ, ಕಸವನ್ನು ಬಯಲಿನಲ್ಲಿ ಸುಡುವಾಗಲೂ ಇದು ಹುಟ್ಟುತ್ತದೆ. 1976ರ ಜುಲೈ 10ರಂದು ಇಟಲಿಯ ಸೆವೆಸೋ ಊರಿನ ಬಳಿ ಒಂದು ಕಾರ್ಖಾನೆಯಿಂದ ಇದು ಮೋಡದಂತೆ ಹೊರಬಿದ್ದು, ಸುತ್ತಲಿನ ಕೋಳಿ ಮೊಲಗಳು ಸತ್ತವು, ಮಕ್ಕಳ ಮುಖದಲ್ಲಿ ಗುಳ್ಳೆಗಳೆದ್ದವು. ವಿಯೆಟ್ನಾಮ್ ಯುದ್ಧದಲ್ಲಿ ಕಾಡಿನ ಮೇಲೆ ಸುರಿದ ಎಲೆ ಉದುರಿಸುವ ಔಷಧಿಯಲ್ಲೂ ಇದು ಬೆರೆತಿತ್ತು. ಗಿನಿಯಿಲಿಗೆ ಇದು ಅತ್ಯಲ್ಪ ಪ್ರಮಾಣದಲ್ಲೇ ಮಾರಕ. ಹ್ಯಾಮ್‌ಸ್ಟರ್ ಎಂಬ ಇನ್ನೊಂದು ಇಲಿಜಾತಿಯ ಪ್ರಾಣಿಯನ್ನು ಕೊಲ್ಲಲು ಅದರ ಸಾವಿರ ಪಟ್ಟಿಗೂ ಹೆಚ್ಚು ಬೇಕು.

ಇಷ್ಟು ಅಲ್ಪ ವಿಷ ಇಷ್ಟು ಹಾನಿ ಮಾಡಬೇಕಾದರೆ ಜೀವಕೋಶದಲ್ಲಿ ಅದನ್ನು ಹಿಡಿದುಕೊಳ್ಳುವ ಯಾವುದೋ ವಸ್ತು ಇರಬೇಕೆಂದು ಅಮೆರಿಕದ ಆಲನ್ ಪೋಲಂಡ್ ಊಹಿಸಿದರು. ಅದೇ 1976ರಲ್ಲಿ ಅವರೂ ಸಂಗಡಿಗರೂ ಇಲಿಯ ಯಕೃತ್ತಿನಲ್ಲಿ ಅದನ್ನು ಪತ್ತೆ ಮಾಡಿದರು. ಅದೊಂದು ಪ್ರೋಟೀನು. ಹಿಡಿದುಕೊಳ್ಳುವುದರಿಂದ ಅದಕ್ಕೆ ಗ್ರಾಹಕ ಎನ್ನುತ್ತಾರೆ. ಪೂರ್ತಿ ಹೆಸರು ಅರೈಲ್ ಹೈಡ್ರೋಕಾರ್ಬನ್ ಗ್ರಾಹಕ. ನಾವು ಇಲ್ಲಿ ಎ.ಎಚ್. ಗ್ರಾಹಕ ಎಂದು ಕರೆಯೋಣ.

ಇದು ಕೆಲಸ ಮಾಡುವ ಬಗೆಯನ್ನು ನಮ್ಮ ಕಚೇರಿಗಳಿಗೆ ಹೋಲಿಸಿ ಹೇಳಬಹುದು. ಸಾಹೇಬರ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಒಬ್ಬ ಜವಾನ ಕುಳಿತಿರುತ್ತಾನೆ. ಚೀಟಿ ಬರುವವರೆಗೆ ಅವನಿಗೆ ಕೆಲಸವಿಲ್ಲ. ಚೀಟಿ ಕೈಗೆ ಬಂದೊಡನೆ ಎದ್ದು ಒಳಗೆ ಹೋಗುತ್ತಾನೆ. ಒಳಗೆ ಇನ್ನೊಬ್ಬ ಜೊತೆಗಾರನಿದ್ದಾನೆ, ಅವನನ್ನು ಕೂಡಿಕೊಂಡ ಮೇಲೆಯೇ ದಫ್ತರದ ಕಪಾಟು ತೆರೆಯುವ ಅಧಿಕಾರ. ಇಬ್ಬರೂ ಸೇರಿ ಗೊತ್ತಾದ ಕಡತಗಳನ್ನು ಹೊರಗೆಳೆದು 'ಇದನ್ನು ಜಾರಿ ಮಾಡಿ' ಎನ್ನುತ್ತಾರೆ. ಕೋಣೆ ಎಂದರೆ ಜೀವಕೋಶದ ಕೇಂದ್ರ, ಕಡತಗಳು ಎಂದರೆ ಜೀನುಗಳು, ಜವಾನ ಎಂದರೆ ಎ.ಎಚ್. ಗ್ರಾಹಕ. ಜೊತೆಗಾರನ ಹೆಸರು ಆರ್ನ್ಟ್. ಡಯಾಕ್ಸಿನ್, ಬೀಡಿ ಸಿಗರೇಟಿನ ಹೊಗೆಯಲ್ಲೂ ಮಸಿಯಲ್ಲೂ ಇರುವ ಬೆಂಜೋಪೈರೀನ್ ಮುಂತಾದವು ಹೊರಗಿನಿಂದ ಬರುವ ಚೀಟಿಗಳು. ಎಲೆಕೋಸು ತಿಂದಾಗ ಹೊಟ್ಟೆಯ ಹುಳಿಯಲ್ಲಿ ಹುಟ್ಟುವ ಕೆಲವು ವಸ್ತುಗಳೂ ಇಂಥ ಚೀಟಿಗಳೇ. ಹೊರಬರುವ ಕಡತಗಳಲ್ಲಿ ಈ ವಸ್ತುಗಳನ್ನು ಕರಗಿಸಿ ಹೊರಹಾಕುವ ಕಿಣ್ವಗಳ ಜೀನುಗಳು ಮುಖ್ಯ. ಸಣ್ಣ ಚೀಟಿಗಳು ಹೀಗೆ ಬಂದು ಹೀಗೆ ಹೋಗುತ್ತವೆ. ಡಯಾಕ್ಸಿನ್ ಸುಲಭವಾಗಿ ಕರಗದು. ಜವಾನ ಹಗಲಿರುಳು ಓಡಾಡುತ್ತಲೇ ಇರಬೇಕಾಗುತ್ತದೆ.

ಇದರಿಂದ, ಎ.ಎಚ್. ಗ್ರಾಹಕವೆಂದರೆ ವಿಷವನ್ನು ಕಂಡುಹಿಡಿಯುವ ಕಾವಲುಗಾರ, ಅಷ್ಟೇ, ಎಂಬ ಅಭಿಪ್ರಾಯ ಬೆಳೆಯಿತು. 1992ರಲ್ಲಿ ಅದರ ಜೀನು ಕೈಗೆ ಸಿಕ್ಕಿತು. ಆಗ ಆ ಜೀನನ್ನು ಕಿತ್ತುಹಾಕಿದ ಚಿಟ್ಟಿಲಿಗಳನ್ನು ಬೆಳೆಸುವುದು ಸಾಧ್ಯವಾಯಿತು. ಕಾವಲುಗಾರನಿಲ್ಲದ ಮನೆಗೆ ಕಳ್ಳ ಬಂದಾಗ ತಾನೆ ತೊಂದರೆ? ಡಯಾಕ್ಸಿನ್ ಮುಟ್ಟಿಸದಿದ್ದರೆ ಈ ಇಲಿಗಳು ಬೇರೆ ಇಲಿಗಳಂತೆಯೇ ಇರಬೇಕು.

ಹಾಗಿರಲಿಲ್ಲ. 1995ರಲ್ಲಿ ಒಂದು ಪ್ರಯೋಗಶಾಲೆ, 1996ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕ್ರಿಸ್ಟಫರ್ ಬ್ರ್ಯಾಡ್‌ಫೀಲ್ಡ್ ಅವರ ಪ್ರಯೋಗಶಾಲೆ ಇಂಥ ಇಲಿಗಳ ವರದಿ ಕೊಟ್ಟವು. ಎರಡು ಕಡೆಯೂ ಒಂದು ಮಾತು ಸಮಾನ: ಯಾವ ವಿಷವೂ ಸೋಕದ ಈ ಇಲಿಗಳ ಯಕೃತ್ತು ಚಿಕ್ಕದು.

ಏಕೆ ಚಿಕ್ಕದು? ಯಕೃತ್ತಿನ ಕೋಶಗಳೊಳಗೇ ಏನೋ ಕೆಟ್ಟಿರಬೇಕೆಂದು ಊಹಿಸುವುದು ಸುಲಭ. ವಿಸ್ಕಾನ್ಸಿನ್ನಿನವರು ರಕ್ತನಾಳಗಳ ಜಾಡು ಹಿಡಿದು ನೋಡಿ 2000ದಲ್ಲಿ ಪ್ರಕಟಿಸಿದ ಸಂಗತಿ ಬೇರೆಯೇ ಆಗಿತ್ತು. ಸಾಮಾನ್ಯ ಇಲಿಮರಿಯಲ್ಲಿ ಹುಟ್ಟಿದ ಒಂದೆರಡು ದಿನಗಳಲ್ಲೇ ಮುಚ್ಚುವ ಡಕ್ಟಸ್ ವೀನೋಸಸ್ ಈ ಇಲಿಗಳಲ್ಲಿ ದೊಡ್ಡವಾದ ಮೇಲೂ ತೆರೆದೇ ಇತ್ತು. ಕರುಳಿನ ರಕ್ತ ಯಕೃತ್ತನ್ನು ಬಿಟ್ಟು ಆ ದಾರಿಯಲ್ಲಿ ಹೊರಟುಹೋಗುತ್ತಿತ್ತು. ಯಕೃತ್ತಿನ ಒಂದೊಂದು ಕೋಶವೂ ಗಾತ್ರದಲ್ಲಿ ಸೊರಗಿತ್ತು. ಮೊಲದಲ್ಲಿ ರೌಸ್ ಕಂಡದ್ದು ನೆನಪಿರಲಿ: ಗದ್ದೆಗೆ ನೀರಿರಲಿಲ್ಲ. ಯಕೃತ್ತಿನ ಒಳಗಿನ ಕಿರುನಾಳಗಳೂ ಬಲಿತಿರಲಿಲ್ಲ. ಗರ್ಭದಲ್ಲಿ ಕಣ್ಣಿನ ಮಸೂರಕ್ಕೆ ರಕ್ತ ಒಯ್ದು ಮುಂದೆ ಮಾಯವಾಗಬೇಕಾದ ಒಂದು ಎಳೆಯಂಥ ಅಪಧಮನಿಯೂ ಇವುಗಳ ಕಣ್ಣಿನಲ್ಲಿ ಉಳಿದುಕೊಂಡಿತ್ತು. ಗರ್ಭದ ಏರ್ಪಾಡುಗಳನ್ನು ಕಳಚಿಹಾಕುವ ಕೆಲಸ ಅರ್ಧಕ್ಕೆ ನಿಂತಂತೆ ಕಾಣುತ್ತದೆ.

ಇಲ್ಲಿಂದ ಮುಂದಿನ ಪ್ರಯೋಗಗಳು ನಮಗೆ ಬಹಳ ಹಿಡಿಸಿದವು. 2004ರಲ್ಲಿ ಅದೇ ಪ್ರಯೋಗಶಾಲೆಯವರು ಗ್ರಾಹಕವನ್ನು ಪೂರ್ತಿ ಕೀಳದೆ, ಬಹು ಸ್ವಲ್ಪ ಮಾತ್ರ ಉಳಿಸಿದ ಇಲಿಗಳನ್ನು ತೆಗೆದುಕೊಂಡರು. ಇವುಗಳಲ್ಲೂ ಕಾಲುವೆ ಮುಚ್ಚುತ್ತಿರಲಿಲ್ಲ. ಗಬ್ಬದ ಇಲಿಗೆ ಹೆರಿಗೆಯ ಮುನ್ನ ಡಯಾಕ್ಸಿನ್ ಕೊಟ್ಟರು. ಮರಿಗಳಲ್ಲಿ ಕಾಲುವೆ ಮುಚ್ಚಿತು! ಕಿವಿ ಮಂದವಾದ ಜವಾನನಿಗೆ ಮೆಲ್ಲಗೆ ಕರೆದರೆ ಕೇಳದು, ಗಂಟೆ ಬಾರಿಸಿದರೆ ಕೇಳುತ್ತದೆ. ಉಳಿದಿದ್ದ ಅಲ್ಪ ಗ್ರಾಹಕವನ್ನು ಆ ಬಲವಾದ ಚೀಟಿ ಎಬ್ಬಿಸಿತು. ಸಾಮಾನ್ಯ ಶಿಶುವಿನಲ್ಲಿ ದೇಹದ ಒಳಗಿನಿಂದಲೇ ಬರುವ ಯಾವುದೋ ಚೀಟಿ ಈ ಕೆಲಸ ಮಾಡಿಸುತ್ತಿರಬೇಕೆಂಬುದಕ್ಕೆ ಇದು ಸುಳಿವು. ಇದನ್ನು ಓದಿ ವಿಷದಿಂದ ಒಳಿತೂ ಇದೆಯೆಂದು ಯಾರೂ ತಿಳಿಯಬಾರದು. ಗಬ್ಬದ ಇಲಿಗೆ ಇದೇ ಡಯಾಕ್ಸಿನ್ ತಗುಲಿದರೆ ಮರಿಗಳು ಸೀಳಿದ ಅಂಗುಳಿನಿಂದಲೂ ಕೆಟ್ಟ ಮೂತ್ರಪಿಂಡಗಳಿಂದಲೂ ಹುಟ್ಟುತ್ತವೆಂಬುದು ಅದಕ್ಕಿಂತ ಎಷ್ಟೋ ಮೊದಲು ತಿಳಿದಿತ್ತು.

2005ರದು ಇನ್ನೂ ಚೊಕ್ಕವಾದ ಪ್ರಯೋಗ. ಗ್ರಾಹಕ ಯಕೃತ್ತಿನ ಕೋಶಗಳಲ್ಲೂ ಇದೆ, ರಕ್ತನಾಳದ ಒಳಮೈಗೆ ಅಸ್ತರಿಯಂತೆ ಹಬ್ಬಿರುವ ಕೋಶಗಳಲ್ಲೂ ಇದೆ. ಯಾವುದರಲ್ಲಿರುವುದು ಯಾವ ಕೆಲಸ ಮಾಡುತ್ತದೆ? ಒಂದು ಗುಂಪಿನ ಇಲಿಗಳಲ್ಲಿ ಯಕೃತ್ತಿನ ಕೋಶಗಳಿಂದ ಮಾತ್ರ ಅದನ್ನು ತೆಗೆದರು. ಕಾಲುವೆ ಸರಿಯಾಗಿ ಮುಚ್ಚಿತು, ಆದರೆ ಡಯಾಕ್ಸಿನ್ ಕೊಟ್ಟರೆ ಯಕೃತ್ತಿಗೆ ಆಗಬೇಕಾದ ಹಾನಿ ಆಗಲಿಲ್ಲ. ಇನ್ನೊಂದು ಗುಂಪಿನಲ್ಲಿ ನಾಳದ ಅಸ್ತರಿಯ ಕೋಶಗಳಿಂದಲೂ ಅವುಗಳಿಗೆ ಹತ್ತಿರದ ರಕ್ತಕೋಶಗಳಿಂದಲೂ ತೆಗೆದರು. ಅವುಗಳಲ್ಲಿ ಕಾಲುವೆ ತೆರೆದೇ ಉಳಿಯಿತು.

ಒಂದೇ ಗ್ರಾಹಕ. ಯಕೃತ್ತಿನ ಕೋಶದಲ್ಲಿ ಕುಳಿತಾಗ ವಿಷದ ಹಾನಿಗೆ ಬಾಗಿಲು ತೆರೆಯುತ್ತದೆ. ನಾಳದ ಗೋಡೆಯಲ್ಲಿ ಕುಳಿತಾಗ, ಹುಟ್ಟಿದ ಕೂಸಿನ ಹಳೆಯ ದಾರಿಯನ್ನು ಮುಚ್ಚಿಸುತ್ತದೆ. ಯಕೃತ್ತು ಬೆಳೆಯುವುದೋ ಬಿಡುವುದೋ ಎಂಬುದು ಯಕೃತ್ತಿನ ಕೋಶಕ್ಕಿಂತ ಹೆಚ್ಚಾಗಿ ನೆರೆಯ ರಕ್ತನಾಳದಲ್ಲಿ ತೀರ್ಮಾನವಾಗುತ್ತಿತ್ತು. ನಮ್ಮ ಅಭಿಪ್ರಾಯದಲ್ಲಿ ವಿಜ್ಞಾನಿಗಳನ್ನು ದಾರಿ ತಪ್ಪಿಸಿದ್ದು ಅದರ ಹೆಸರು. ವಿಷ ಹಿಡಿಯುವಾಗ ಸಿಕ್ಕಿತಾದ್ದರಿಂದ ವಿಷದ ಗ್ರಾಹಕವೆಂದರು. ಅದಕ್ಕಿಂತ ಹಳೆಯ ಉದ್ಯೋಗ ಅದಕ್ಕಿತ್ತು. ಹಣ್ಣುನೊಣದಲ್ಲೂ ಇದೇ ವಂಶದ ಜೀನೊಂದಿದೆ. ಅದರ ಪ್ರೋಟೀನು ಡಯಾಕ್ಸಿನ್ನನ್ನು ಹಿಡಿಯುವುದೇ ಇಲ್ಲ. ಅದು ಕೆಟ್ಟರೆ ನೊಣದ ಮೀಸೆಯ ತುದಿ ಮೀಸೆಯಾಗದೆ ಕಾಲಿನಂತೆ ಬೆಳೆಯುತ್ತದೆ. ಅಲ್ಲಿಯೂ ಅದರ ಕೆಲಸ ಅಂಗಗಳನ್ನು ರೂಪಿಸುವುದೇ.

ಇದೆಲ್ಲ ಇಲಿಯ ಕಥೆ. ಇಲಿಯಲ್ಲಿ ಕಂಡದ್ದನ್ನು ಹಾಗೆಯೇ ಮನುಷ್ಯರ ಕೂಸಿಗೆ ಹೊಂದಿಸಿ ಯಾವ ತಾಯಿಯೂ ತಾನು ಉಂಡದ್ದನ್ನೋ ಉಸಿರಾಡಿದ್ದನ್ನೋ ಹಳಿದುಕೊಳ್ಳಬಾರದು. ಕರುಳಿನ ರಕ್ತ ಯಕೃತ್ತನ್ನು ತಪ್ಪಿಸಿ ಹರಿಯುವ ಹುಟ್ಟುದೋಷ, ಎಲ್ಲ ಬಗೆಗಳನ್ನೂ ಸೇರಿಸಿ, ಸುಮಾರು 30,000 ಕೂಸುಗಳಲ್ಲಿ ಒಂದಕ್ಕೆ ಎಂದು ಅಂದಾಜು. ಡಕ್ಟಸ್ ವೀನೋಸಸ್ ತೆರೆದೇ ಉಳಿಯುವುದು ಅವುಗಳಲ್ಲಿ ಒಂದು ಬಗೆ ಮಾತ್ರ. ಇಂಥ ಮಗುವಿನ ರಕ್ತದಲ್ಲಿ ಅಮೋನಿಯ ಏರಿರಬಹುದು, ಮಗು ಮಂಕಾಗಿರಬಹುದು, ಓದಿನಲ್ಲಿ ಹಿಂದೆ ಬೀಳಬಹುದು. ಶಾಲೆಗೆ ಸೇರಿದ ಮೇಲೆ 'ಸೋಮಾರಿ' ಎಂಬ ಬೈಗುಳ ತಿನ್ನುತ್ತಾ ಬೆಳೆದ ಮಕ್ಕಳೂ ಇದ್ದಾರು. ಬಣ್ಣದಲ್ಲಿ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ಇದು ಕಾಣಿಸುತ್ತದೆ. ಯಕೃತ್ತಿನ ಒಳಗಿನ ಕೆಲವು ಸಣ್ಣ ಅಡ್ಡದಾರಿಗಳು ಒಂದೆರಡು ವರ್ಷಗಳಲ್ಲಿ ತಾವೇ ಮುಚ್ಚುತ್ತವೆ. ಉಳಿದವನ್ನು ಶಸ್ತ್ರಕ್ರಿಯೆಯಿಂದ ಕಟ್ಟಬಹುದು. ತೊಡೆಯ ಅಥವಾ ಕುತ್ತಿಗೆಯ ನಾಳದಿಂದ ತೆಳುವಾದ ನಳಿಕೆಯನ್ನು ಒಳಗೆ ನಡೆಸಿ, ಬಿರಡೆಯಂಥದನ್ನು ಕೂರಿಸಿ ಮುಚ್ಚುವುದೂ ಉಂಟು. ಮುಚ್ಚಿದ ಮೇಲೆ ರಕ್ತ ಮತ್ತೆ ಯಕೃತ್ತಿಗೆ ತಿರುಗುತ್ತದೆ, ಬಡವಾಗಿದ್ದ ಪೋರ್ಟಲ್ ಕವಲುಗಳು ಹಿಗ್ಗುತ್ತವೆ, ಯಕೃತ್ತು ಬೆಳೆಯತೊಡಗುತ್ತದೆ.

ಕಳೆದ ಭಾನುವಾರ ನಮ್ಮ ಗೆಳೆಯರಿಗೆ ಇದನ್ನೆಲ್ಲ ಹೇಳಿದೆವು. ಇಲಿಗಳ ಭಾಗ ಬಂದಾಗ ಅವರು ಗಡಿಯಾರ ನೋಡಿದರೆಂಬುದನ್ನು ಮುಚ್ಚಿಡುವುದಿಲ್ಲ. ಅವರಿಗೆ ಬೇಕಾದದ್ದು ಒಂದೇ ಮಾತು, ಮನೆಗೆ ಒಯ್ದು ಹೇಳಲಿಕ್ಕೆ. ದಿನ ತುಂಬಲು ಇನ್ನೂ ಏಳು ವಾರವಿದೆ. ಆ ಕಾಲುವೆ ಈಗ ತೆರೆದಿದೆ, ಈಗ ತೆರೆದೇ ಇರಬೇಕು ಎಂದು ಚೀಟಿಯಲ್ಲಿ ಬರೆದುಕೊಂಡು ಹೋದರು.